ಬೀಡಿ ಬಿಟ್ಟವರ ಮೈತೂಕ

ಬೇಗಾರಿನಿಂದ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳವರೆಗೆ ಹಬ್ಬಿದ ಈ ಅಡಿಕೆಯ ಸೀಮೆಯಲ್ಲಿ, ಬೀಡಿ ಸಿಗರೇಟುಗಳನ್ನು ತ್ಯಜಿಸಲು ಸಂಕಲ್ಪಿಸಿದವರನ್ನು ಮರಳಿ ಗೂಡಂಗಡಿಯ ಮುಂದೆ ತಂದು ನಿಲ್ಲಿಸುವ ಕಾರಣಗಳಲ್ಲಿ, ಬಾಯಿಬಿಟ್ಟು ಹೇಳಿಕೊಳ್ಳದಿದ್ದರೂ, ಮೈ ಬಂದೀತೆಂಬ ಭೀತಿಯೂ ಒಂದು. ಈ ಭೀತಿ ನಿರಾಧಾರವಲ್ಲ. ಹಸಿವನ್ನು ಅಡಗಿಸಿ, ವಿಶ್ರಾಂತಿಯಲ್ಲಿಯೂ ದೇಹದ ಶಕ್ತಿವ್ಯಯವನ್ನು ತುಸು ಹೆಚ್ಚಿಸುತ್ತಿದ್ದ ನಿಕೋಟಿನ್ ನಿಂತೊಡನೆ, ಹಸಿವೂ ನಾಲಗೆಯ ರುಚಿಯೂ ಹಿಂದಿರುಗಿ, ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕಿಲೋ ತೂಕ ಏರುವುದುಂಟು. ಅದರಲ್ಲಿ ಬಹುಪಾಲು ಮೊದಲ 3 ತಿಂಗಳಲ್ಲಿಯೇ. ಆದರೆ ಅದೇ ವರ್ಷದಲ್ಲಿ ಧೂಮಪಾನದಿಂದ ಒದಗಿದ್ದ ಹೃದ್ರೋಗದ ಹೆಚ್ಚುವರಿ ಅಪಾಯವು ಸುಮಾರು ಅರ್ಧಕ್ಕಿಳಿಯುತ್ತದೆಂಬುದನ್ನು ನೆನೆದರೆ, ತೂಕಕ್ಕೆ ಅಂಜಿ ಮತ್ತೆ ಬೀಡಿ ಹಚ್ಚುವುದು ಸರ್ವಥಾ ಸಲ್ಲದು.

ಆದುದರಿಂದ ಮೊದಲು ಮಾಡಬೇಕಾದುದು, ಒಂದು ದಿನವನ್ನು ಗೊತ್ತುಮಾಡಿಕೊಂಡು, ಮನೆಯವರಿಗೆ ತಿಳಿಸಿ, ಅಂಗಿಯ ಜೇಬಿನಿಂದ ಬಚ್ಚಲೊಲೆಯ ಗೂಡಿನವರೆಗೆ ಇರುವ ಕಟ್ಟುಗಳನ್ನೆಲ್ಲ ತೆಗೆದುಹಾಕುವುದು. ಅದೇ ದಿನ ಕಠಿಣ ಪಥ್ಯವನ್ನೂ ಆರಂಭಿಸುವುದು ವಿವೇಕವಲ್ಲ. ಹೊಟ್ಟೆ ಹಸಿದವನ ಸಂಕಲ್ಪ ಬೇಗ ಸಡಿಲುತ್ತದೆ. ಹೊತ್ತಿಗೆ ಸರಿಯಾಗಿ ಉಂಡು, ನಡುನಡುವೆ ಬಾಯಾಡಿಸುವ ಆಸೆಗೆ ಹಲಸಿನ ಹಪ್ಪಳ, ಬೆಲ್ಲ, ಬಿಸ್ಕತ್ತುಗಳ ಬದಲು ಸೌತೆಕಾಯಿ, ಪೇರಲೆ, ನೀರುಮಜ್ಜಿಗೆಗಳನ್ನು ಕೈಗೆಟುಕುವಂತೆ ಇಟ್ಟುಕೊಂಡರೆ ಸದ್ಯಕ್ಕೆ ಸಾಕು.

ಕಾಫಿಯ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಹೊಗೆಯು ಕೆಫೀನನ್ನು ದೇಹದಿಂದ ಬೇಗ ಹೊರಹಾಕಿಸುತ್ತಿತ್ತಾದ್ದರಿಂದ, ಬಿಟ್ಟ ಮೇಲೆ ಹಿಂದಿನಷ್ಟೇ ಕುಡಿದರೂ ಎದೆಬಡಿತ, ಚಡಪಡಿಕೆ, ನಿದ್ರಾಹಾನಿಗಳು ತೋರಬಹುದು. ಅದನ್ನೇ ಬೀಡಿಯ ಹಂಬಲವೆಂದು ಭ್ರಮಿಸುವವರುಂಟು. ಲೋಟಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿರಿ, ಸಕ್ಕರೆಯನ್ನೂ ಕೂಡ. ವೈದ್ಯರ ಸಲಹೆಯಂತೆ ನಿಕೋಟಿನ್ ಚೂಯಿಂಗ್ ಗಮ್ ಬಳಸುವವರು ಅದನ್ನು ಕಾಫಿಯೊಡನೆ ಜಗಿಯಬಾರದು; ಬಾಯಿ ಔಷಧವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬಳಸುವಷ್ಟು ಕಾಲ ಈ ಗಮ್ ತೂಕದ ಏರಿಕೆಯನ್ನೂ ತುಸು ತಡೆಹಿಡಿಯುತ್ತದೆ.

ಹಂಬಲವು ಉಕ್ಕಿ ಬಂದರೂ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆಗ ಎದ್ದು ತೋಟಕ್ಕೊಂದು ಸುತ್ತು ಹಾಕಿದರೆ ಹೊತ್ತೂ ಕಳೆಯುವುದು, ಮೈಯೂ ಹಗುರಾಗುವುದು. ಜಡಿಮಳೆಯಲ್ಲಿ ಅಂಗಳಕ್ಕಿಳಿಯಲಾಗದಿದ್ದರೆ ಜಗಲಿಯ ಉದ್ದಕ್ಕೂ ನಡೆಯಿರಿ.

ಸುಗ್ಗಿಯ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಕುಳಿತಾಗ ಕವಳದ ಹರಿವಾಣ ಕೈಯಿಂದ ಕೈಗೆ ಬರುತ್ತದೆ. ಬೀಡಿಗೆ ಬದಲಾಗಿ ಹೊಗೆಸೊಪ್ಪಿನ ಕವಳವನ್ನು ಹಿಡಿದವರು ನಿಕೋಟಿನ್ನಿನಿಂದ ಬಿಡುಗಡೆ ಪಡೆದಂತಾಗಲಿಲ್ಲ, ಬಾಯಿಯ ಕ್ಯಾನ್ಸರನ್ನು ಆಹ್ವಾನಿಸಿದಂತಾಯಿತು. ಅಡಿಕೆಯೇ ನಮ್ಮ ಅನ್ನವಾದರೂ, ಜಗಿಯುವ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ತಜ್ಞರು ನಿರ್ಣಯಿಸಿರುವುದನ್ನು ಮುಚ್ಚಿಡಲಾಗದು.

ಒಂದು ವೇಳೆ ಎಲ್ಲಿಯೋ ಒಂದು ಬೀಡಿ ಸೇದಿಬಿಟ್ಟರೆ ಸರ್ವಸ್ವವೂ ಹೋಯಿತೆಂದು ಕಟ್ಟು ಕೊಳ್ಳಬೇಡಿ. ಯಾವ ಹೊತ್ತಿನಲ್ಲಿ, ಯಾರ ಜತೆಯಲ್ಲಿ ಜಾರಿದಿರೆಂಬುದನ್ನು ಗುರುತಿಸಿಕೊಂಡು ಆ ಗಳಿಗೆಯಿಂದಲೇ ಮುಂದುವರಿಯಿರಿ. ತೂಕದ ಲೆಕ್ಕವನ್ನು 3 ತಿಂಗಳ ಮೇಲೆ ನೋಡಬಹುದು. ಸಕ್ಕರೆ ಕಾಯಿಲೆಯವರು ಮಾತ್ರ ಮೊದಲೇ ವೈದ್ಯರನ್ನು ಕಾಣಬೇಕು. ಒಂಟಿಯಾಗಿ ಸಾಧ್ಯವಾಗದಿದ್ದರೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿರಿ. ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.