ಫಾರ್ಮ್ಯಾಟ್ ಒತ್ತುವ ಮೊದಲು, ಮರಿ

ಪೆನ್‌ಡ್ರೈವನ್ನು ಜೇಬಿಗೆ ಹಾಕು, ಮರಿ. ಅದರ ಸರದಿ ಇನ್ನೂ ಬಂದಿಲ್ಲ.

ಅತ್ತೆಯ ಹಳೇ ಲ್ಯಾಪ್‌ಟಾಪು ವಿಂಡೋಸ್ 11ಕ್ಕೆ ತಕ್ಕದ್ದಲ್ಲ ಅಂತ ಪರದೆಯ ಮೇಲೆ ಬಂದದ್ದೇ ತಡ, ನಿನಗೆ ಹುರುಪೇರಿತು. ಆಗದು ಅಂದದ್ದನ್ನು ಆಗಿಸಿ ತೋರಿಸುವ ಹಠ. ಆ ಹಠ ನನಗೆ ಇಷ್ಟವೇ. ಅದಿಲ್ಲದವರು ಯಂತ್ರದ ಸಹವಾಸಕ್ಕೆ ಬರಬಾರದು. ಆದರೆ ‘ಅರ್ಧ ಗಂಟೆ ಕೆಲಸ ಅತ್ತೆ, ನೀವು ಕಾಫಿಗಿಡಿ, ಮುಗಿಸಿಬಿಡ್ತೀನಿ’ ಅಂದೆಯಲ್ಲ, ಅಲ್ಲಿ ಎಡವಿದೆ. ಹಾಕುವುದಕ್ಕೆ ಅರ್ಧ ಗಂಟೆಯೇ ಸಾಕು. ಹಾಕುವ ಮೊದಲಿನ ಕೆಲಸಕ್ಕೆ ಒಂದು ದಿನ ಬೇಕು. ಹಾಕಿದ ಮೇಲಿನದಕ್ಕೆ ಒಂದು ವಾರ.

ಅವಸರ ನಿನ್ನೊಬ್ಬನದೇ ಅಲ್ಲ ಬಿಡು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಭದ್ರತೆಯ ಅಪ್‌ಡೇಟ್ ಇನ್ನೊಂದು ವರ್ಷ ಅಂದರು. ಅಲ್ಲಿಂದ ಮನೆಮನೆಯಲ್ಲೂ ಇದೇ ಮಾತು. 2021ರಲ್ಲಿ ಬಂದ ವಿಂಡೋಸ್ 11 ಕೇಳುವುದೇನು? ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್, ಟಿಪಿಎಂ 2.0, ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಪ್ರೊಸೆಸರ್ ಮತ್ತು ಟಿಪಿಎಂ ಎರಡರಲ್ಲೇ 2017ಕ್ಕಿಂತ ಹಿಂದಿನ ಯಂತ್ರಗಳು ಬಹುಪಾಲು ಹೊರಗೆ ಬಿದ್ದವು. ಚೆನ್ನಾಗಿ ಓಡುತ್ತಿರುವುದನ್ನು ಗುಜರಿಗೆ ಹಾಕಬೇಕೇ? ಬೇಡವೇ ಬೇಡ. ಅದರಲ್ಲಿ ನಾನು ನಿನ್ನ ಪಕ್ಷ.

ತಾಲ್ಲೂಕು ಊರಿನಲ್ಲಿ ಇಪ್ಪತ್ತೆಂಟು ವರ್ಷ ಡಿಟಿಪಿ ಅಂಗಡಿ ಇಟ್ಟವನು ನಾನು. ಲಗ್ನಪತ್ರಿಕೆ, ಕರಪತ್ರ, ಸೊಸೈಟಿಯ ವಾರ್ಷಿಕ ವರದಿ ಮಾಡಿಕೊಡುತ್ತಿದ್ದೆ. ವಿಂಡೋಸ್ 98ರಿಂದ ಹಿಡಿದು 10ರವರೆಗೆ ಎಷ್ಟೋ ಯಂತ್ರಗಳಿಗೆ ಈ ಕೈಯಲ್ಲೇ ಹಾಕಿದ್ದೇನೆ. ಅದರಲ್ಲೊಂದು ಇವತ್ತಿಗೂ ಎದೆಯಲ್ಲಿ ಕೂತಿದೆ. ಕೇಳು.

2007ರ ಮಳೆಗಾಲ. ನಿವೃತ್ತ ಮೇಷ್ಟರೊಬ್ಬರು ಕಂಪ್ಯೂಟರನ್ನು ಗೋಣಿತಾಟಿನಲ್ಲಿ ಸುತ್ತಿ ಆಟೋದಲ್ಲಿ ತಂದರು. ಒಳಗೆಲ್ಲ ವೈರಸ್. ‘ಫೈಲೆಲ್ಲ ಡಿ ಡ್ರೈವಲ್ಲಿದೆ ತಾನೇ ಸಾರ್?’ ಅಂದೆ. ‘ಹೂಂ, ಎಲ್ಲಾ ಒಳಗೇ ಇದೆ’ ಅಂದರು. ನಾನು ಕೇಳಿದ್ದೊಂದು, ಅವರು ಹೇಳಿದ್ದೊಂದು. ಕೈಯಲ್ಲಿ ಲಗ್ನಪತ್ರಿಕೆಯ ಕೆಲಸ ಬೇರೆ ಇತ್ತು. ಮತ್ತೊಮ್ಮೆ ನೋಡಲಿಲ್ಲ. ಸಿ ಡ್ರೈವ್ ಒರೆಸಿ, ಎಕ್ಸ್‌ಪಿ ಹಾಕಿ, ಸಂಜೆ ಕೊಟ್ಟು ಕಳಿಸಿದೆ. ಮರುದಿನ ಬಂದರು. ಊರಿನ ಕೆರೆಗಳು, ಕಟ್ಟೆಗಳು, ಗದ್ದೆಬಯಲುಗಳ ಹೆಸರನ್ನೆಲ್ಲ ಹಿರಿಯರನ್ನು ಕೇಳಿ ಕೇಳಿ ಎರಡು ವರ್ಷ ಕೂತು ಟೈಪು ಮಾಡಿದ್ದರಂತೆ. ಅದು ಇದ್ದದ್ದು ಡೆಸ್ಕ್‌ಟಾಪಿನ ಮೇಲೆ. ಡೆಸ್ಕ್‌ಟಾಪ್ ಅಂದರೆ ಸಿ ಡ್ರೈವೇ. ಅವರು ಬೈಯಲಿಲ್ಲ. ‘ಇರಲಿ, ಮತ್ತೆ ಬರೆದರಾಯ್ತು’ ಅಂದರು. ಆಮೇಲೆ ನಾಲ್ಕು ವರ್ಷ ಬದುಕಿದ್ದರು. ಬರೆಯಲಿಲ್ಲ. ಹೇಳಿದ ಹಿರಿಯರೂ ಈಗಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನ ಬುದ್ಧಿ ಅಂಥದು. ನಿನಗೆ ಅದು ಮೊದಲೇ ಸಿಗಲಿ ಅಂತ ಇಷ್ಟೆಲ್ಲ ಹೇಳುತ್ತಿದ್ದೇನೆ.

ಆದ್ದರಿಂದ ಅತ್ತೆಯ ಹಳೇ ಹಾರ್ಡ್‌ಡಿಸ್ಕನ್ನು ನೀನು ಒರೆಸಲೇಬೇಡ. ಹೊಸದೊಂದು ಎಸ್‌ಎಸ್‌ಡಿ ತರಿಸು, 240 ಅಥವಾ 256 ಜಿಬಿ ಧಾರಾಳ ಸಾಕು. ಹಳೇದನ್ನು ಬಿಚ್ಚಿ, ಮೇಲೆ ಹೆಸರು, ದಿನಾಂಕ ಬರೆದು, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡು. ಆರು ತಿಂಗಳು ಅದನ್ನು ಯಾರೂ ಮುಟ್ಟಕೂಡದು. ‘ಅಯ್ಯೋ, ಆ ಫೋಟೋ ಎಲ್ಲಿ ಹೋಯ್ತು’ ಅಂತ ಮೂರನೇ ತಿಂಗಳಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ನಿನ್ನ ಮಾನ ಉಳಿಸುವುದು ಆ ಬೀರು. ಇನ್ನೊಂದು ಲಾಭವೂ ಉಂಟು. ಹಳೇ ಯಂತ್ರ ತೆವಳುವುದು ಬಹಳ ಸಲ ಪ್ರೊಸೆಸರಿನಿಂದಲ್ಲ, ತಿರುಗುವ ಹಾರ್ಡ್‌ಡಿಸ್ಕಿನಿಂದ. ಅದನ್ನು ಬದಲಿಸಿದರೆ ಅರ್ಧ ಕಾಯಿಲೆ ವಾಸಿ.

ಡಿಸ್ಕು ಬದಲಿಸಲು ಆಗದ ಯಂತ್ರವಾದರೆ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡು. ಬೇಕಾದ್ದು ಬೇಡದ್ದು ಅಂತ ನೀನು ಆರಿಸಬೇಡ. ಯಾವುದು ಬೇಕು ಅನ್ನುವುದು ನಿನಗೆ ತಿಳಿಯದು. ನಕಲಾದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಹತ್ತಾರು ಫೈಲು ತೆರೆದು ನೋಡು. ತೆರೆದು ನೋಡದ ಬ್ಯಾಕಪ್ಪು ಬಾಯಿಮಾತಿನ ಸಾಲದ ಹಾಗೆ, ಕೈಗೆ ಬಂದಾಗಲೇ ಲೆಕ್ಕ.

ಇನ್ನು ಕನ್ನಡದ ವಿಚಾರ. ಇದನ್ನು ಬೆಂಗಳೂರಿನ ಸರ್ವಿಸ್ ಹುಡುಗರೂ ಮರೆಯುತ್ತಾರೆ. ಹಳೇ ಯಂತ್ರದಲ್ಲಿ ಹಳೇ ಕನ್ನಡ ಫೈಲು ಇದ್ದೇ ಇರುತ್ತೆ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೋ, ಬರಹದಲ್ಲೋ, ಶ್ರೀಲಿಪಿಯಲ್ಲೋ ಟೈಪಾದದ್ದು. ಅವು ಯೂನಿಕೋಡ್ ಬರುವುದಕ್ಕೆ ಮುಂಚಿನ ಪದ್ಧತಿಯಲ್ಲಿದ್ದರೆ ಒಳಗಿರುವುದು ನಿಜವಾಗಿ ಕನ್ನಡದ ಸಂಕೇತವಲ್ಲ. ಇಂಗ್ಲಿಷಿನ ಸಂಕೇತಕ್ಕೆ ಕನ್ನಡದ ಅಂಗಿ ತೊಡಿಸುವುದು ಆ ಫಾಂಟು. ಫಾಂಟು ಹೋಯಿತೋ, ಅಜ್ಜಿ ಬರೆಸಿದ ಹಾಡುಗಳೆಲ್ಲ ಕೊಂಬು ಬಾಲ ಬಂದ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಾಣುತ್ತವೆ. ಫೈಲು ಕೆಟ್ಟಿದೆ ಅಂದುಕೊಂಡು ಅಳಿಸಿದವರನ್ನೂ ಕಂಡಿದ್ದೇನೆ. ಅದಕ್ಕೇ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಜೊತೆಗೆ ನಕಲು ಮಾಡಿಟ್ಟುಕೋ. ಹಳೇ ವಿಂಡೋಸ್ ಇನ್ನೂ ಏಳುತ್ತಿರುವಾಗಲೇ ಮುಖ್ಯವಾದವನ್ನು ಯೂನಿಕೋಡಿಗೆ ಪರಿವರ್ತಿಸಿ, ಪಕ್ಕದಲ್ಲಿ ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿಡು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಜಾರುತ್ತೆ. ಪಿಡಿಎಫ್ ಇದ್ದರೆ ಹೋಲಿಸಿ ತಿದ್ದಬಹುದು.

ಆಮೇಲೆ ಅತ್ತೆಯ ಪಕ್ಕ ಕೂತು ಕೇಳು, ‘ಇದರಲ್ಲಿ ನೀವು ದಿನಾ ಏನು ಮಾಡ್ತೀರಿ?’ ಅಂತ. ಮಾತಿಗೆ ನಿಲ್ಲಬೇಡ, ಮಾಡಿ ತೋರಿಸಲಿ. ಪ್ರಿಂಟರ್ ಯಾವುದು? ಮಾವ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಾರಾ? ತೆರಿಗೆ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಚುಚ್ಚುತ್ತಾರಾ? ಈ ಉತ್ತರಗಳು ಸಿಗುವ ತನಕ ಯಾವ ಓಎಸ್ ಅನ್ನುವ ಪ್ರಶ್ನೆಯೇ ಏಳದು. ನೀನೋ, ಓಎಸ್ ಗೊತ್ತುಮಾಡಿಕೊಂಡೇ ಬಸ್ ಹತ್ತಿದ್ದೀಯ.

ಈಗ ಯಂತ್ರದ ನಾಡಿ ಹಿಡಿ. ಪ್ರೊಸೆಸರಿನ ಅಂಕಿ ನೋಡು. ಐ5 ಪಕ್ಕದಲ್ಲಿ 4210 ಅಂತಿದ್ದರೆ ನಾಲ್ಕನೇ ತಲೆಮಾರು, 8250 ಇದ್ದರೆ ಎಂಟನೆಯದು. ಎಂಟನೆಯದಾಗಿದ್ದೂ ‘ಆಗದು’ ಅಂದರೆ ಬಯೋಸಿಗೆ ಹೋಗಿ ನೋಡು. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಒಳಗೇ ಇದ್ದು ಮಲಗಿರುತ್ತೆ. ಇಂಟೆಲಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಬೇರೆ ಹೆಸರಿನಲ್ಲಿ. ಎಬ್ಬಿಸಿದರೆ ಸಾಕು, ಯಾವ ಕಸರತ್ತೂ ಬೇಡ. ಆದರೆ ಬಯೋಸ್ ಮುಟ್ಟುವ ಮೊದಲು ಬಿಟ್‌ಲಾಕರ್ ಚಾಲೂ ಇದೆಯಾ ನೋಡಿಕೋ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದುಕೊಂಡ ಮೇಲೆಯೇ ಮುಂದಿನ ಮಾತು. ಆ ಕೀ ಇಲ್ಲದಿದ್ದರೆ ಬೀಗ ತೆಗೆಯಲು ಯಾವ ಜಾಣನಿಂದಲೂ ಆಗದು.

ಡೆಸ್ಕ್‌ಟಾಪ್ ಕಂಪ್ಯೂಟರುಗಳಲ್ಲಿ ಇನ್ನೊಂದು ಚಿಕ್ಕ ವಿಷಯ. ಗಡಿಯಾರ ಹತ್ತು ಹದಿನೈದು ವರ್ಷ ಹಿಂದಿನ ದಿನಾಂಕ ತೋರಿಸುತ್ತಿದ್ದರೆ ವೆಬ್‌ಸೈಟುಗಳು ‘ಭದ್ರವಲ್ಲ’ ಅಂತ ಬಾಗಿಲು ಹಾಕಿಕೊಳ್ಳುತ್ತವೆ, ಅಪ್‌ಡೇಟ್ ಬರದು. ಹುಡುಗರು ಎರಡು ದಿನ ಓಎಸ್ ಅನ್ನೇ ಬೈದುಕೊಂಡು ಮತ್ತೆ ಮತ್ತೆ ಹಾಕುತ್ತಾರೆ. ಮದರ್‌ಬೋರ್ಡಿನ ಮೇಲೆ ಎಂಟಾಣೆ ಗಾತ್ರದ ಒಂದು ಸೆಲ್ ಇದೆ, ಸಿಆರ್2032 ಅಂತ. ಅದು ಸತ್ತಿದೆ, ಅಷ್ಟೇ. ಗಡಿಯಾರ ರಿಪೇರಿಯವನ ಹತ್ತಿರವೂ ಸಿಗುತ್ತೆ. ಹಾಗೇ ಫ್ಯಾನಿನ ದೂಳು ತೆಗೆ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಹಳೇದು ಹುಡುಕಿದರೆ ಸಿಗುತ್ತೆ. ಡಿಡಿಆರ್3ರ ಜಾಗಕ್ಕೆ ಡಿಡಿಆರ್4 ಕೂರದು, ಬಿಚ್ಚಿದ್ದನ್ನೇ ಕೈಯಲ್ಲಿ ಹಿಡಿದು ಹೋಗು.

ಸರಿ, ಈಗ ನಿನ್ನ ಪೆನ್‌ಡ್ರೈವಿನ ಮಾತು. ರೂಫಸ್ ಅನ್ನುವ ತಂತ್ರಾಂಶದಲ್ಲಿ ವಿಂಡೋಸ್ 11 ತುಂಬುವಾಗ ಟಿಪಿಎಂ, ಸೆಕ್ಯೂರ್ ಬೂಟ್ ತಪಾಸಣೆ ತೆಗೆದುಹಾಕಲೇ ಅಂತ ಅದೇ ಕೇಳುತ್ತೆ. ಗುರುತು ಹಾಕಿದರೆ ತಡೆಯಿಲ್ಲದೆ ಕೂರುತ್ತೆ, ನಿಜ. ಆದರೆ ಅತ್ತೆಗೆ ಪೂರ್ತಿ ಹೇಳು. ಇಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿದೆ. ತಿಂಗಳ ತೇಪೆ ಸಾಮಾನ್ಯವಾಗಿ ಬರುತ್ತೆ, ವರ್ಷದ ದೊಡ್ಡ ಆವೃತ್ತಿಯನ್ನು ನೀನೇ ಬಂದು ಕೈಯಿಂದ ಹಾಕಬೇಕು. ಬರುತ್ತೀಯಾ? ಪುಣೆಯಲ್ಲಿ ಕೆಲಸ ಸಿಕ್ಕ ಮೇಲೂ? ಅದನ್ನು ಈಗಲೇ ಯೋಚಿಸು. ಇನ್ನು ಕೋರ್ 2 ಡುಯೋ ಯಂತ್ರವಾದರೆ ಆ ದಾರಿಯೂ ಮುಚ್ಚಿದೆ. 2024ರ 24ಎಚ್2 ಆವೃತ್ತಿಗೆ ಬೇಕಾದ ಪಾಪ್‌ಕೌಂಟ್ ಎಂಬ ಆದೇಶ ಆ ಪ್ರೊಸೆಸರಿನಲ್ಲೇ ಇಲ್ಲ. ತಪಾಸಣೆಯನ್ನು ದಾಟಬಹುದು, ಇಲ್ಲದ ಸಾಮರ್ಥ್ಯವನ್ನು ಎಲ್ಲಿಂದ ತರುತ್ತೀಯ?

ಅತ್ತೆ ನೋಡುವುದು ಯೂಟ್ಯೂಬು, ಬ್ಯಾಂಕು, ಮೇಲ್, ಎರಡು ಪತ್ರ, ಅಷ್ಟೇ ಆದರೆ ನನ್ನ ಮನಸ್ಸು ಲಿನಕ್ಸ್ ಮಿಂಟ್ ಕಡೆಗೆ. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಉಂಟು. 4 ಜಿಬಿ ರ‍್ಯಾಮಿನಲ್ಲೂ ದಮ್ಮು ಕಟ್ಟದೆ ನಡೆಯುತ್ತೆ. ಹಾಕುವುದಕ್ಕೂ ಮುಂಚೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ನೀನು ಅದೊಂದು ಹೆಜ್ಜೆಯನ್ನು ಹಾರಿಬಿಡುತ್ತೀಯ, ನನಗೆ ಗೊತ್ತು. ಹಾರಬೇಡ. ವೈಫೈ ಸಿಗುತ್ತಾ, ಸದ್ದು ಬರುತ್ತಾ, ಕ್ಯಾಮೆರಾ ಕಾಣುತ್ತಾ, ಮುಚ್ಚಿ ತೆರೆದರೆ ಎದ್ದೇಳುತ್ತಾ ಅಂತ ಅಲ್ಲೇ ಪರೀಕ್ಷೆ ಮಾಡು. ವೈಫೈ ಹಿಡಿಯದಿದ್ದರೆ ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಇಂಟರ್ನೆಟ್ ಕೊಟ್ಟು ಡ್ರೈವರ್ ಇಳಿಸಿಕೋ. ಕನ್ನಡಕ್ಕೂ ತೊಂದರೆಯಿಲ್ಲ. ಕೆ.ಪಿ. ರಾಯರ ವಿನ್ಯಾಸದ ಮೇಲೆ ನಿಂತ ಕಗಪ ಕೀಲಿಮಣೆ ಲಿನಕ್ಸಿನ ಪಟ್ಟಿಯಲ್ಲೇ ಇದೆ. ನುಡಿಯಲ್ಲಿ ಕೈ ಕೂತ ಅತ್ತೆಯ ಬೆರಳಿಗೆ ಅದು ಹೊಸದಲ್ಲ. ಮಾವನಿಗೆ ಟ್ಯಾಲಿ ಬೇಕೇ ಬೇಕು ಅಂದರೆ ಮಾತ್ರ ವಿಂಡೋಸ್ ಬಿಡಬೇಡ. ಲಿನಕ್ಸ್ ಒಳ್ಳೆಯದು ಅಂತ ಅವರ ಲೆಕ್ಕದ ಪುಸ್ತಕದ ಮೇಲೆ ಪ್ರಯೋಗ ಮಾಡಕೂಡದು. 32 ಬಿಟ್ಟಿನ ಬಹಳ ಮುದಿ ಯಂತ್ರಗಳಿಗಂತೂ ಆಯ್ಕೆ ಕಡಿಮೆಯಾಗುತ್ತಿದೆ. 2025ರ ಡೆಬಿಯನ್ 13 ಕೂಡ ಅವಕ್ಕೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು.

ಇನ್ನೊಂದು, ಗೆಳೆಯ ಕೊಟ್ಟ ಪೆನ್‌ಡ್ರೈವಿನಲ್ಲಿ ‘ಆ್ಯಕ್ಟಿವೇಟರ್’ ಅಂತ ಏನೋ ಇದೆಯಲ್ಲ, ಅದನ್ನು ಅಳಿಸು. ಕಳ್ಳ ಕೀಲಿ ಮಾಡಿಕೊಡುವವನು ತನಗೂ ಒಂದು ನಕಲು ಇಟ್ಟುಕೊಂಡಿರುತ್ತಾನೆ. ಅತ್ತೆ ಪೆನ್ಷನ್ ನೋಡುವ ಬ್ಯಾಂಕಿನ ಪಾಸ್‌ವರ್ಡು ಒತ್ತುವುದು ಇದೇ ಕೀಲಿಮಣೆಯಲ್ಲಿ. ಐಎಸ್‌ಒ ಫೈಲನ್ನು ತಯಾರಿಸಿದವರ ಜಾಗದಿಂದಲೇ ಇಳಿಸು. ಜೊತೆಗೆ ಅವರು ಕೊಡುವ ಎಸ್‌ಎಚ್‌ಎ ಮೊತ್ತವನ್ನು ತಾಳೆ ನೋಡು. ಎರಡು ನಿಮಿಷದ ಕೆಲಸ, ‘ಯಾಕೆ ಬೇಕು’ ಅನ್ನಬೇಡ.

ಹಾಕಿ ಮುಗಿದ ಮೇಲೆ ಕೈ ಒರೆಸಿಕೊಂಡು ಏಳುವವನು ನೀನು. ಏಳಬೇಡ. ಪಕ್ಕಕ್ಕೆ ಸರಿದು ಅತ್ತೆಯನ್ನು ಕೂರಿಸು. ಮೌಸು ಅವರ ಕೈಯಲ್ಲೇ ಇರಲಿ. ಅವರು ತಡವರಿಸಿದರೆ ಕಸಿದುಕೊಳ್ಳಬೇಡ, ಕಾಯಿ. ಅಕ್ಷರ ದೊಡ್ಡದು ಮಾಡಿಕೊಡು. ಫೋಟೋ ಎಲ್ಲಿ, ಪ್ರಿಂಟ್ ಎಲ್ಲಿ, ಕನ್ನಡಕ್ಕೆ ಬದಲಿಸುವುದು ಹೇಗೆ ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ದಪ್ಪಗೆ ಬರೆದು ಲ್ಯಾಪ್‌ಟಾಪ್ ಚೀಲಕ್ಕೆ ಹಾಕು. ಹಳೇ ಡಿಸ್ಕು ಬೀರುವಿನ ಯಾವ ಖಾನೆಯಲ್ಲಿದೆ ಅನ್ನುವುದೂ ಅದರಲ್ಲಿರಲಿ.

ಒಂದು ವಾರ ಬಿಟ್ಟು ಫೋನು ಮಾಡು. ‘ಎಲ್ಲಾ ಸರಿ ಇದೆಯಾ ಅತ್ತೆ?’ ಅಂತ ಕೇಳಬೇಡ. ನೊಂದುಕೊಂಡಾನು ಅಂತ ‘ಹೂಂ ಮರಿ’ ಅಂದುಬಿಡುತ್ತಾರೆ. ‘ನಿನ್ನೆ ಏನು ಪ್ರಿಂಟ್ ತೆಗೆದಿರಿ?’ ಅಂತ ಕೇಳು. ಒಂದು ಕ್ಷಣ ತಡೆದು ಮಾತು ತಿರುಗಿಸಿದರೆ ಶನಿವಾರದ ಬಸ್ಸಿಗೆ ಸೀಟು ಹಿಡಿ. ದಾರಿಯಲ್ಲಿ ನಮ್ಮ ಮನೆಗೂ ಬಂದು ಹೋಗು, ನನ್ನ ಹತ್ತಿರ ಡಿಡಿಆರ್3 ರ‍್ಯಾಮ್ ಒಂದು ಜೊತೆ ಹಾಗೇ ಇದೆ.