ಪೈನ್ ಮರಕ್ಕೆ ಪಾಲಿಶ್: ಮೊದಲ ಪಾಠ

ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಯಿಂದ ನೀವೇ ಒಂದು ಸ್ಟೂಲು ಮಾಡಿದ್ದೀರಿ ಎಂದುಕೊಳ್ಳೋಣ. ಜೋಡಣೆ ಮುಗಿಯಿತೆಂದು ಬಣ್ಣದ ಡಬ್ಬಿ ತೆರೆಯಬೇಡಿ. ಮೊದಲು ಹಲಗೆಯನ್ನು ಬೆಳಕಿನಲ್ಲಿ ನೋಡಿ. ಅಗಲವಾದ ತಿಳಿ ಪಟ್ಟೆ, ಪಕ್ಕದಲ್ಲೇ ಸಪೂರ ಕಂದು ಗೆರೆ ಕಾಣುತ್ತವೆ. ತಿಳಿ ಪಟ್ಟೆಗೆ ಉಗುರು ಒತ್ತಿದರೆ ಗುರುತು ಬೀಳುತ್ತದೆ, ಕಂದು ಗೆರೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೆತ್ತನೆಯ ಭಾಗ ಬಣ್ಣವನ್ನು ಗಟಗಟನೆ ಕುಡಿಯುತ್ತದೆ, ಗಟ್ಟಿ ಭಾಗ ಕುಡಿಯುವುದು ಕಡಿಮೆ. ಹೊಸಬರು ಬಳಿದ ಬಣ್ಣ ಅಲ್ಲಲ್ಲಿ ಕಪ್ಪಗೆ ಕಲೆಗಟ್ಟುವುದು ಇದರಿಂದಲೇ.

ಹಾಗಾಗಿ ಹೆಚ್ಚಿನ ಶ್ರಮ ಬಣ್ಣಕ್ಕೆ ಮುಂಚೆಯೇ ಬೀಳಬೇಕು. 120, 180, 220 ನಂಬರಿನ ಉಪ್ಪು ಕಾಗದಗಳನ್ನು ಇದೇ ಕ್ರಮದಲ್ಲಿ ಬಳಸಿ, ಎಳೆಯ ಉದ್ದಕ್ಕೇ ಉಜ್ಜಿ. ಅಡ್ಡ ಉಜ್ಜಿದ ಗೀರು ಈಗ ಕಾಣದಿದ್ದರೂ ಬಣ್ಣ ಬಿದ್ದೊಡನೆ ಎದ್ದು ಕಾಣುತ್ತದೆ. ಕಾಗದವನ್ನು ಮರದ ತುಂಡಿಗೆ ಸುತ್ತಿಕೊಳ್ಳಿ. ಬರೀ ಬೆರಳಲ್ಲಿ ಒತ್ತಿದರೆ ಮೆತ್ತನೆಯ ಪಟ್ಟೆ ಮಾತ್ರ ಸವೆದು ಹಲಗೆ ಏರುತಗ್ಗಾಗುತ್ತದೆ. ಸುತ್ತಿಗೆ ತಗುಲಿ ಗುಳಿ ಬಿದ್ದಿದ್ದರೆ ಚಿಂತೆ ಬೇಡ: ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ, ಆವಿಗೆ ನಾರು ಉಬ್ಬಿ ಗುಳಿ ಬಹುಪಾಲು ಮೇಲೇಳುತ್ತದೆ.

ಇನ್ನು ಅರಗು. ಅಂಗಡಿಯಲ್ಲಿ ಮೇಣ ತೆಗೆದ ಶೆಲ್ಲಾಕ್ ಚಕ್ಕೆ ಎಂದೇ ಕೇಳಿ. ಕಾಲು ಲೀಟರ್ ಸ್ಪಿರಿಟ್ಟಿಗೆ 25 ಗ್ರಾಂ ಹಾಕಿ, ರಾತ್ರಿಯಿಡೀ ಕರಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಕೂತು, ಹಲಗೆಗೆಲ್ಲ ತೆಳುವಾಗಿ ಒಂದು ಕೈ ಬಳಿಯಿರಿ. ಗಂಟುಗಳಿಗೆ ಎರಡು ಕೈ ಬೇಕು, ಇಲ್ಲದಿದ್ದರೆ ಅಲ್ಲಿನ ರಾಳ ಮುಂದೊಂದು ದಿನ ಹೊರಗೆ ಒಸರುತ್ತದೆ. ಒಣಗಿದ ಮೇಲೆ 220ರಲ್ಲಿ ಹಗುರವಾಗಿ ಸವರಿ. ಈಗ ಮರದ ಬಾಯಿ ಅರ್ಧ ಮುಚ್ಚಿದೆ, ಎಣ್ಣೆ ಬೆರೆತ ಬಣ್ಣ ಹಚ್ಚಿದರೆ ಎಲ್ಲೆಡೆ ಹೆಚ್ಚುಕಡಿಮೆ ಸಮನಾಗಿ ಕೂರುತ್ತದೆ. ಸ್ಪಿರಿಟ್ ಬೆರೆತ ಬಣ್ಣ ಮಾತ್ರ ಬೇಡ, ಅದು ಕೆಳಗಿನ ಅರಗನ್ನೇ ಕರಗಿಸುತ್ತದೆ.

ಆದರೂ ಪೈನನ್ನು ತೇಗದಂತೆ ಕಾಣಿಸುವ ಆಸೆ ಬಿಡಿ ಎಂದೇ ನನ್ನ ಸಲಹೆ. ವರ್ಷಗಳು ಕಳೆದಂತೆ ಅದು ತಾನಾಗಿಯೇ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಆ ಚೆಲುವು ಡಬ್ಬಿಯಲ್ಲಿ ಸಿಗದು.

ಪುಸ್ತಕದ ಕಪಾಟಿಗೆ ಅರಗಿನ ಇನ್ನೂ ಮೂರು ತೆಳು ಕೈ ಸಾಕು. ಬಿಸಿ ಕಾಫಿ ಲೋಟ ಇಡುವ ಜಾಗಕ್ಕಾದರೆ ಮೇಲೆ ಪಿಯು (ಪಾಲಿಯುರೆಥೇನ್) ಹಚ್ಚಿ, ಬರೀ ಅರಗಾದರೆ ಅದರ ಮೇಲೆ ಬಿಳಿ ಬಳೆ ಮೂಡುತ್ತದೆ. ಮಳೆಗಾಲದ ತೇವದ ದಿನ ಅರಗು ಬಳಿಯಬೇಡಿ, ಪದರ ಮಂಜುಗಟ್ಟುತ್ತದೆ.

ಕೊನೆಗೊಂದು ಎಚ್ಚರಿಕೆ. ಎಣ್ಣೆ ಬಣ್ಣ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ, ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ, ಹೊರಗೆ ಹರವಿ, ಪೂರ್ತಿ ಒಣಗಿದ ಮೇಲೆಯೇ ಬಿಸಾಡಿ.