ನಾಯಿಯ ಗುಳಿಗೆ, ಬೆಕ್ಕಿನ ಕಣ್ಣು

ನಾಯಿಗೆ ಗುಣ ಕೊಟ್ಟ ಔಷಧ ಬೆಕ್ಕಿಗೂ ಒಗ್ಗೀತೆಂದು ನಂಬಲಾಗದು. ಎನ್ರೋಫ್ಲಾಕ್ಸಸಿನ್ ಎಂಬುದು ಪ್ರಾಣಿಗಳ ಸೋಂಕಿಗೆ ಪಶುವೈದ್ಯರು ಕೊಡುವ ಆಂಟಿಬಯಾಟಿಕ್ ಔಷಧ. ಕಣ್ಣಿನ ಹಿಂಭಾಗದ ಅಕ್ಷಿಪಟಲದೊಳಕ್ಕೆ ಇಂಥ ಔಷಧ ಸೇರದಂತೆ ಹೊರದೂಡುವ ಪ್ರೋಟೀನೊಂದು ಕಾವಲಿರುತ್ತದೆ. ಬೆಕ್ಕಿನ ಜಾತಿಯಲ್ಲಿ ಈ ಕಾವಲು ದುರ್ಬಲವೆಂದು 2011ರ ಸಂಶೋಧನೆ ತೋರಿಸಿತು. ಆದುದರಿಂದ ಔಷಧವು ಅಲ್ಲಿ ಶೇಖರವಾಗುತ್ತದೆ. ಬೆಳಕು ತಾಗಿದಾಗ ಹಾನಿಕರ ವಸ್ತುಗಳು ಹುಟ್ಟಿ, ಬೆಳಕನ್ನು ಗ್ರಹಿಸುವ ಜೀವಕೋಶಗಳನ್ನು ಕೆಡಿಸುತ್ತವೆ.

ಲೆಕ್ಕ ಹಾಕಿ ನೋಡಿರಿ. ಬೆಕ್ಕಿಗೆ ದಿನದ ಮಿತಿ, ಕಿಲೋಗ್ರಾಂ ತೂಕಕ್ಕೆ 5 ಮಿಲಿಗ್ರಾಂ. ಎಂದರೆ 4 ಕಿಲೋ ತೂಗುವ ಬೆಕ್ಕಿಗೆ 20 ಮಿಲಿಗ್ರಾಂ. ದೊಡ್ಡ ನಾಯಿಯ 150 ಮಿಲಿಗ್ರಾಮಿನ ಗುಳಿಗೆಯನ್ನು ಅರ್ಧ ಮುರಿದು ಕೊಟ್ಟರೂ 75 ಆಯಿತು. ಮಿತಿಯ ಸುಮಾರು ನಾಲ್ಕು ಪಟ್ಟು! ಮುದಿ ಬೆಕ್ಕಿಗೂ ಮೂತ್ರಪಿಂಡ ಕೆಟ್ಟ ಬೆಕ್ಕಿಗೂ ಅಪಾಯ ಇನ್ನಷ್ಟು ಹೆಚ್ಚು.

ಔಷಧ ನಡೆಯುತ್ತಿರುವಾಗ ಬೆಕ್ಕಿನ ಕಣ್ಣಪಾಪೆ ಬೆಳಕಿನಲ್ಲಿಯೂ ಅಗಲವಾಗಿಯೇ ಉಳಿದರೆ, ಅಥವಾ ಅದು ಗೋಡೆಗೆ, ಕುರ್ಚಿಗೆ ಹಾಯತೊಡಗಿದರೆ, ಅಂದೇ ಪಶುವೈದ್ಯರಿಗೆ ತೋರಿಸಿರಿ. ಅವರನ್ನು ಕೇಳದೆ ಮುಂದಿನ ಗುಳಿಗೆ ಕೊಡಬೇಡಿರಿ. ಹೋದ ದೃಷ್ಟಿ ಬಹಳ ಸಲ ಮರಳುವುದಿಲ್ಲ. ಆದುದರಿಂದ ಮನೆಯಲ್ಲಿ ಉಳಿದ ಗುಳಿಗೆಯನ್ನು ಅಂದಾಜಿನ ಮೇಲೆ ಕೊಡದೆ, ಬೆಕ್ಕನ್ನು ತೂಗಿಸಿ, ವೈದ್ಯರು ಹೇಳಿದಷ್ಟನ್ನೇ ಕೊಡುವುದು ಲೇಸು.